ಇಗ್ನೋರ್ ಒತ್ತದ ಮೇಡಮ್ಮೋರು

ಹೋದ ತಿಂಗಳು ಮಂತ್ರಾಲಯಕ್ಕೆ ಹೋಗಿದ್ದೆ. ದರ್ಶನಕ್ಕಲ್ಲ, ವೈಕುಂಠ ಸಮಾರಾಧನೆಯ ಊಟಕ್ಕೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಹಣೆಯ ಅಂಗಾರಕ್ಷತೆ ಒರೆಸಿಕೊಳ್ಳದಂತೆ ಹುಷಾರಾಗಿ ಬೆವರು ಒರೆಸುತ್ತ, ನಾನು ಯಾರ ಕಡೆಯವನೆಂದು ಕೇಳಿದರು. ತೀರಿಕೊಂಡವರ ಎದುರು ಓದಿದವನು ನಾನು ಎಂದೆ. ಅವರು ನನ್ನ ಮೀಸೆ ನೋಡಿದರು, ಜನಿವಾರವಿಲ್ಲದ ಕೊರಳು ನೋಡಿದರು, ಯಾವ ಗ್ರಂಥ ಓದಿದಿರಿ ಎಂದು ಮೆಲ್ಲಗೆ ವಿಚಾರಿಸಿದರು. ಮಾವಿನಕಾಯಿ ಅಂಚು ಎಂದೆ. ಆಮೇಲೆ ಅವರು ಹೋಳಿಗೆಯ ಕಡೆ ಗಮನ ಕೊಟ್ಟರು.

ತೀರಿಕೊಂಡವರು ನಮ್ಮ ಮೇಡಮ್ಮೋರು. ಹೆಸರು ಬರೆದರೆ ಎಲ್ಲಿದ್ದರೂ ಎದ್ದು ಬಂದು ಬೈದಾರೆಂಬ ಭಯ ನನಗೆ ಈಗಲೂ ಇದೆ, ಹಾಗಾಗಿ ಮೇಡಮ್ಮೋರು ಎಂದೇ ಬರೆಯುತ್ತೇನೆ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಆದೋನಿಯಲ್ಲಿ ನೇಕಾರರ ಒಂದು ಸಣ್ಣ ಮಾರಾಟ ಸಂಘವಿತ್ತು. ಎಮ್ಮಿಗನೂರಿನ ದೊಡ್ಡ ನೇಕಾರರ ಸಂಘದ ಮುಂದೆ ನಮ್ಮದು ಲೆಕ್ಕಕ್ಕೇ ಇಲ್ಲದ್ದು. ಅಲ್ಲಿ ಅವರು ಸೂಪರಿಂಟೆಂಡೆಂಟ್, ನಾನು ಗುಮಾಸ್ತ. ನಮ್ಮದು ಗೋನೆಗಂಡ್ಲದ ಕಡೆ ಕುರಿ ಸಾಕುವ ಮನೆತನ. ಹತ್ತನೇ ತರಗತಿ ದಾಟಿ ಟೈಪಿಂಗ್ ಕಲಿತವರಲ್ಲಿ ನಮ್ಮ ಮನೆಗೆ ನಾನೇ ಮೊದಲನೆಯವನು. ಅವರದು ಮಂತ್ರಾಲಯದ ಪಂಡಿತರ ಮನೆ. ತಂದೆ ಹಳೆಯ ಓಲೆಗರಿಗಳನ್ನು ಕಾಗದಕ್ಕೆ ಇಳಿಸುವ ಕೆಲಸದಲ್ಲೇ ಜೀವ ಸವೆಸಿದವರು. ಮೇಡಮ್ಮೋರು ಗಣಿತ ಓದಿದ್ದರು, ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಗುಂಡಿಗೆ ನಮ್ಮ ಅಧ್ಯಕ್ಷರಿಗೂ ಇರಲಿಲ್ಲ.

ಸೋಮವಾರ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಊರಿಂದ ಬಂದರೆ ಶನಿವಾರ ಸಂಜೆ ಹಿಂತಿರುಗುವರು. ಕೈಯಲ್ಲಿ ಕಾಫಿಯ ಫ್ಲಾಸ್ಕು, ಕಂಕುಳಲ್ಲಿ ಕೊಡೆ. ಬೆರಳ ತುದಿಯಲ್ಲಿ ಯಾವಾಗಲೂ ಗಂಧದ ವಾಸನೆ, ಯಾಕೆಂದರೆ ಎಲ್ಲಿದ್ದರೂ ಬೆಳಗ್ಗೆ ದೇವರಿಗೆ ಗಂಧ ತೇಯದೆ ಅವರ ದಿನ ಶುರುವಾಗುತ್ತಿರಲಿಲ್ಲ. ಹೊರಗಿನದೇನನ್ನೂ ತಿನ್ನುತ್ತಿರಲಿಲ್ಲ. ಆದರೆ ಸಂಘದ ಎದುರಿನ ಬಂಡಿಯಿಂದ ಮಂಡಕ್ಕಿ ಉಗ್ಗಾಣಿ, ಬಜ್ಜಿಯ ವಾಸನೆ ಬಂದಾಗ ಅವರ ಕನ್ನಡಕ ಮೂಗಿನ ಮೇಲೆ ಒಂದಿಷ್ಟು ಜಾರುವುದನ್ನು ನಾವೆಲ್ಲ ನೋಡಿದ್ದೆವು. ಮರುದಿನ ಆದೋನಿಯ ತಮ್ಮ ಬಿಡಾರದಲ್ಲೇ ಉಗ್ಗಾಣಿ ಮಾಡಿ ತಂದು, ಬಂಡಿಯವನದಕ್ಕಿಂತ ಇದು ಹೇಗಿದೆ ಎಂದು ನಮ್ಮಿಂದ ಹೇಳಿಸಿಕೊಳ್ಳುವರು. ಬಂಡಿಯವನದೇ ಚೆನ್ನಾಗಿರುತ್ತಿತ್ತು. ಯಾರೂ ಹೇಳುತ್ತಿರಲಿಲ್ಲ.

ಯಾವುದೋ ಯೋಜನೆಯಲ್ಲಿ ಸಂಘಕ್ಕೆ ಒಂದು ಕಂಪ್ಯೂಟರ್ ಬಂತು. ಹೈದರಾಬಾದಿಗೆ ಹೋಗಿ ಕಲಿತು ಬರಬೇಕೆಂದಾಗ ಗಂಡಸರೆಲ್ಲ ಒಬ್ಬೊಬ್ಬರಾಗಿ ಮನೆಯ ತಾಪತ್ರಯ ಹೇಳಿಕೊಂಡರು. ಮೇಡಮ್ಮೋರು ಕೊಡೆ ಹಿಡಿದು ಹೊರಟೇಬಿಟ್ಟರು. ವಾಪಸು ಬಂದವರು ಒಂದು ಕೋಣೆ ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿಸಿದರು. ಆದೋನಿಯಲ್ಲಿ ಗಾಳಿಗಿಂತ ಹತ್ತಿಯ ನವಿರೇ ಹೆಚ್ಚು, ಅದು ಒಳಗೆ ಬರಬಾರದು. ಚಪ್ಪಲಿ ಹೊರಗೆ, ಬೀಡಿ ಹೊರಗೆ, ಬಾಯಲ್ಲಿ ಎಲೆ ಇದ್ದವರು ಹೊರಗೆ. ನಮ್ಮ ಅಧ್ಯಕ್ಷರು ಎಲೆ ಹಾಕುತ್ತಿದ್ದರಾದ್ದರಿಂದ ತಮ್ಮದೇ ಸಂಘದ ಕೋಣೆಯನ್ನು ಬಹುದಿನ ಬಾಗಿಲಿನಿಂದಲೇ ನೋಡಿದರು.

ಆ ಕಂಪ್ಯೂಟರಿನ ಮುಂದೆ ಅವರು ಕೂರುವ ರೀತಿಯೇ ಬೇರೆ. ಒಂದು ಆಜ್ಞೆ ಟೈಪ್ ಮಾಡಿದ ಮೇಲೆ ಬಲಗೈ ತೋರುಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಒಮ್ಮೆ ಓದಿ, ಆಮೇಲೆ ಒತ್ತುವರು. ನಾನು ಬೇಗ ಬೇಗ ಒತ್ತಿದರೆ ಬೆನ್ನ ಹಿಂದಿನಿಂದಲೇ ಬೈಗುಳ. ನನ್ನ ಮಟ್ಟಿಗೆ ಮುಖ್ಯ ಮಾತೆಂದರೆ, ಅವರು ನನಗೆ ಕಲಿಸಿದರು. ಕುರುಬರ ಹುಡುಗನಿಗೆ ಇದೆಲ್ಲ ಯಾಕೆಂದು ಸಂಘದಲ್ಲಿ ಕೆಲವರು ಗೊಣಗಿದಾಗ, ಕುರಿ ಎಣಿಸಿದವನಿಗೆ ಎಣಿಕೆ ತಪ್ಪುವುದಿಲ್ಲ, ನೀವು ನಿಮ್ಮ ಹಾಜರಿಯನ್ನು ಸರಿಯಾಗಿ ಎಣಿಸಿಕೊಳ್ಳಿ ಎಂದು ಮುಖದ ಮೇಲೆ ಹೇಳಿದ್ದರು.

ಸಂಘದ ಲೆಕ್ಕ ಕಂಪ್ಯೂಟರಿಗೆ ಹೋದ ಮೇಲೆ ಅವರಿಗೆ ಒಂದು ಹುಚ್ಚು ಹಿಡಿಯಿತು. ಈರಣ್ಣ ತಾತನ ಅಂಚುಗಳ ಹುಚ್ಚು.

ಈರಣ್ಣ ತಾತ ಸಂಘದ ಹಿರಿಯ ನೇಕಾರ. ಆದೋನಿ ಸೀಮೆಯಲ್ಲಿ ಸೀರೆಯ ಅಂಚಿಗೆ ಚಿತ್ರ ಬರೆಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಚೌಕಳಿ ಕಾಗದದ ಮೇಲೆ ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬುತ್ತ ಮಾವಿನಕಾಯಿ, ಹಂಸ, ಗೋಪುರ, ರುದ್ರಾಕ್ಷಿ ಬರೆಯುವರು. ತುಂಬಿದ ಚೌಕವೆಂದರೆ ಆ ಎಳೆ ಮೇಲೇಳಬೇಕು, ಖಾಲಿ ಚೌಕವೆಂದರೆ ಕೆಳಗಿರಬೇಕು. ಆ ಕಾಗದ ನೋಡಿ ರಟ್ಟುಗಳಿಗೆ ತೂತು ಹೊಡೆದು, ರಟ್ಟಿನ ಸರವನ್ನು ಮಗ್ಗದ ಮೇಲೆ ಏರಿಸಿದರೆ ಅಂಚು ತಾನಾಗಿ ಮೂಡುತ್ತದೆ. ನಾನು ಸೇರುವ ಹೊತ್ತಿಗೆ ತಾತನ ಕಣ್ಣಿಗೆ ಪೊರೆ ಬಂದು ಬರೆಯುವುದು ನಿಂತಿತ್ತು. ಹಳೆಯ ಕಾಗದಗಳು ಉಗ್ರಾಣದಲ್ಲಿದ್ದವು. ತುಂಬಿದ್ದಕ್ಕೆ ಒಂದು, ಖಾಲಿಗೆ ಸೊನ್ನೆ, ಕಂಪ್ಯೂಟರಿಗೆ ಬೇಕಾದದ್ದೂ ಅಷ್ಟೇ ಎಂದು ಮೇಡಮ್ಮೋರಿಗೆ ಹೊಳೆಯಿತು. ಮಧ್ಯಾಹ್ನದ ಬಿಡುವಿನಲ್ಲಿ ಊಟ ಮುಗಿಸಿ ಬಂದವರೇ ಒಂದೊಂದು ಅಂಚನ್ನು ಸಾಲು ಸಾಲಾಗಿ ಒಳಗೆ ಇಳಿಸತೊಡಗಿದರು. ವರ್ಷಕ್ಕೂ ಹೆಚ್ಚು ಹಿಡಿಯಿತು. ಎಲ್ಲ ಮುಗಿದ ಮಳೆಗಾಲದಲ್ಲಿ ಉಗ್ರಾಣಕ್ಕೆ ಗೆದ್ದಲು ಬಿತ್ತು. ಕಾಗದದ ಕಟ್ಟು ಎತ್ತಿದರೆ ಮಣ್ಣು ಉದುರಿತು. ಹರಿದ ರಟ್ಟುಗಳನ್ನು ಅದಕ್ಕೂ ಮೊದಲೇ ಯಾರೋ ಒಲೆಗೆ ಹಾಕಿದ್ದರು.

ಹೀಗೆ ತಾತನ ಒಂದು ಆಯುಷ್ಯದ ಕೆಲಸ ಕಂಪ್ಯೂಟರಿನ ಹೊಟ್ಟೆಯೊಳಗಿನ ಒಂದು ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಉಳಿಯಿತು. ಫ್ಲಾಪಿಗೆ ನಕಲು ಮಾಡಿಟ್ಟಿದ್ದೆವು. ಆದರೆ ಫ್ಲಾಪಿಯ ಬಾಯಿಗೆ ಹತ್ತಿಯ ನವಿರು ನುಗ್ಗಿ, ಬರೆದದ್ದು ಓದುವಾಗ ಸಿಗುವುದೋ ಇಲ್ಲವೋ ಹೇಳುವಂತಿರಲಿಲ್ಲ. ಇನ್ನೊಂದು ಹಾರ್ಡ್ ಡಿಸ್ಕ್ ತರಿಸಿ ಮೊದಲನೆಯದನ್ನು ಇದ್ದದ್ದಿದ್ದಂತೆ ಅದಕ್ಕೆ ಇಳಿಸಬೇಕೆಂದು ಮೇಡಮ್ಮೋರು ಹಟ ಹಿಡಿದರು. ಅಧ್ಯಕ್ಷರು ಒಪ್ಪುವವರೆಗೂ ದಿನಾ ಅವರ ಕೋಣೆಯ ಬಾಗಿಲಲ್ಲಿ ನಿಂತು ಅದೊಂದೇ ಮಾತು ಆಡಿದರು. ಡಿಸ್ಕ್ ಬರುವ ಹೊತ್ತಿಗೆ ದಸರಾ ಮುಗಿದಿತ್ತು.

ಹೈದರಾಬಾದಿನಿಂದ ಬಂದ ಎಂಜಿನಿಯರು ಹೊಸ ಡಿಸ್ಕನ್ನು ಹಳೆಯದರ ಪಕ್ಕ ಕೂರಿಸಿ, ನಕಲು ಮಾಡಲು ಶುರು ಹಚ್ಚಿದ. ಸ್ವಲ್ಪ ಹೊತ್ತು ಚೆನ್ನಾಗಿ ನಡೆಯಿತು. ಆಮೇಲೆ ಹಳೆಯ ಡಿಸ್ಕ್ ಓದಲಾಗುತ್ತಿಲ್ಲವೆಂದು ಕಂಪ್ಯೂಟರ್ ನಿಂತುಬಿಟ್ಟಿತು. ಪರದೆಯ ಮೇಲೆ ಮೂರು ಮಾತು ಬಂದವು: ಅಬಾರ್ಟ್, ರಿಟ್ರೈ, ಇಗ್ನೋರ್. ಬಿಟ್ಟುಬಿಡಲೇ, ಮತ್ತೆ ನೋಡಲೇ, ಕಂಡರೂ ಕಾಣದಂತೆ ಮುಂದೆ ಹೋಗಲೇ ಎಂದು ಕೇಳುವುದು ಅದು. ಎಂಜಿನಿಯರು ಮೂರನೆಯದಕ್ಕೆ ಬೆರಳು ಒಯ್ದ. ಮೇಡಮ್ಮೋರು ಅವನ ಮಣಿಕಟ್ಟು ಹಿಡಿದುಕೊಂಡರು. ಪರಪುರುಷನ ಕೈ ಅವರು ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಇಗ್ನೋರ್ ಒತ್ತಬ್ಯಾಡ್ರಿ. ನಮ್ಮಪ್ಪ ಓಲಿ ನಕಲು ಮಾಡೋ ಮುಂದ ಒಂದು ಅಕ್ಷರ ತಿಳೀಲಿಲ್ಲ ಅಂದ್ರ ಅಲ್ಲೇ ಕೂಡ್ತಿದ್ರು, ದಿನಾ ಹೋದ್ರೂ ಕೂಡ್ತಿದ್ರು. ದಾಟಿ ಹೋಗೂದು ನಮ್ಮ ಮನ್ಯಾಗ ಇಲ್ಲ."

ಎಂಜಿನಿಯರಿಗೆ ಓಲೆಯೂ ತಿಳಿಯಲಿಲ್ಲ, ಅಪ್ಪನೂ ತಿಳಿಯಲಿಲ್ಲ. ಎರಡು ಮೂರು ಸಲ ಮತ್ತೆ ನೋಡಿದ. ಪ್ರತಿ ಸಲವೂ ನಿಂತಿತು. ಕೊನೆಗೆ, ಹಳೆಯ ಡಿಸ್ಕಿನ ಕಾಲ ಮುಗಿದಿದೆ, "ಫಾರ್ಮಾಟ್ ಚೇಸ್ತೇ ಸರಿಪೋತುಂದಿ ಮೇಡಂ" ಎಂದು ತೆಲುಗಿನಲ್ಲಿ ಹೇಳಿದ, ಫಾರ್ಮಾಟ್ ಮಾಡಿದರೆ ಸರಿಹೋಗುತ್ತದಂತೆ. ಫಾರ್ಮಾಟ್ ಮಾಡುವುದೆಂದರೆ ಹೊಲವನ್ನು ಬೆಳೆ ಸಮೇತ ಉಳುವುದು. ಡಿಸ್ಕ್ ಸರಿಹೋದರೂ ಅದರಲ್ಲಿದ್ದ ಒಂದೂ ಉಳಿಯುವುದಿಲ್ಲ. ಅಧ್ಯಕ್ಷರು ಬಾಗಿಲಿಂದಲೇ ಒಪ್ಪಿದರು. ಲೆಕ್ಕವೆಲ್ಲ ಪುಸ್ತಕದಲ್ಲಿದೆ, ಮತ್ತೆ ಹತ್ತಿಸಿಕೊಳ್ಳಬಹುದು, ಆ ಹಳೇ ಅಂಚು ಈಗ ಉಡುವವರಾದರೂ ಯಾರು ಎಂದರು. ಮೇಡಮ್ಮೋರು ಒಂದು ವಾರ ಕೊಡಿ ಎಂದರು. ಎಂಜಿನಿಯರು ಬಳ್ಳಾರಿಯಲ್ಲಿ ಕೆಲಸ ಮುಗಿಸಿಕೊಂಡು ಬರುವವನಿದ್ದ. ಬಂದಾಗ ಡಿಸ್ಕ್ ಹೀಗೇ ಇದ್ದರೆ ಫಾರ್ಮಾಟ್ ಮಾಡುವುದೆಂದು ತೀರ್ಮಾನವಾಯಿತು.

ಸುದ್ದಿ ತಾತನಿಗೆ ಹೇಗೋ ಮುಟ್ಟಿತು. ಅಂದಿನಿಂದ ದಿನಾ ಬೆಳಗ್ಗೆ ಕೋಲೂರಿಕೊಂಡು ಬಂದು ಕಂಪ್ಯೂಟರ್ ಕೋಣೆಯ ಹೊರಗೆ, ಚಪ್ಪಲಿಗಳ ಪಕ್ಕ ಕೂರತೊಡಗಿದರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ, ಬೀಡಿಯ ವಾಸನೆ ಆ ತಾಯಿಗೆ ಆಗುವುದಿಲ್ಲ ಎನ್ನುವರು. ಮೇಡಮ್ಮೋರು ಒಳಗೆ ಹೋಗುವಾಗ ಒಂದೇ ಪ್ರಶ್ನೆ.

"ನಮ್ ಮಾವಿನಕಾಯಿ ಅದಾವೇನಮ್ಮಾ?"

"ಅದಾವ, ತಾತಾ. ಹೊರಗ ಬರ್ಲಿಕ್ಕೆ ಒಲ್ಲೆ ಅಂತಾವ, ಅಷ್ಟ."

ಅವರು ಹಾಗೆ ನಗುತ್ತ ಹೇಳಿ ಒಳಗೆ ಬಂದ ಕೂಡಲೇ ಮುಖ ಗಂಟಾಗುತ್ತಿತ್ತು. ಆ ಮುದುಕನ ಕಣ್ಣು ಇನ್ನೊಂದು ಮಾವಿನಕಾಯಿ ಬರೆಯಲಾರದು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮೇಡಮ್ಮೋರು ಕೆಲಸಕ್ಕೆ ಇಳಿದ ಕ್ರಮವನ್ನು ನಾನು ಜೀವನದಲ್ಲಿ ಎಷ್ಟೋ ಕಡೆ ಬಳಸಿಕೊಂಡಿದ್ದೇನೆ. ಮೊದಲ ದಿನ ಏನನ್ನೂ ಮುಟ್ಟಲಿಲ್ಲ. ನಕಲು ಶುರು ಮಾಡುವುದು, ನಿಂತಾಗ ಎಲ್ಲಿ ನಿಂತಿತೆಂದು ನೋಡುವುದು, ಮತ್ತೆ ಶುರು ಮಾಡುವುದು. ಒಮ್ಮೆ ಹಂಸದ ಅಂಚಿನಲ್ಲಿ ನಿಲ್ಲುವುದು, ಇನ್ನೊಮ್ಮೆ ಹಂಸ ದಾಟಿ ಗೋಪುರದಲ್ಲಿ. ಮಧ್ಯಾಹ್ನದ ಹೊತ್ತಿಗೆ ಅವರು ಕುರ್ಚಿ ಹಿಂದಕ್ಕೆ ಸರಿಸಿ ಒಂದು ಮಾತು ಹೇಳಿದರು. ಡಿಸ್ಕಿಗೇ ಗೆದ್ದಲು ಹತ್ತಿದ್ದರೆ ತೂತು ಯಾವಾಗಲೂ ಒಂದೇ ಜಾಗದಲ್ಲಿ ಇರಬೇಕು. ಈ ತೂತು ತಿರುಗಾಡುತ್ತಿದೆ. ಹಾಗಾದರೆ ಓಲೆ ಚೆನ್ನಾಗಿದೆ, ಓದುವ ದಾರಿಯಲ್ಲಿ ಏನೋ ಕೆಟ್ಟಿದೆ.

ಎಂಜಿನಿಯರಿಗೆ ಇದು ಯಾಕೆ ಹೊಳೆಯಲಿಲ್ಲವೋ. ಅವನಿಗೆ ಬಳ್ಳಾರಿಯ ಬಸ್ಸು ಹಿಡಿಯುವ ಅವಸರವಿತ್ತು, ಅವನನ್ನು ಅನ್ನುವುದೂ ತಪ್ಪು.

ಆಮೇಲೆ ಒಂದೊಂದಾಗಿ ಬದಲಿಸತೊಡಗಿದರು. "ಒಂದು ಸಲಕ್ಕ ಒಂದೇ" ಎಂಬುದು ಅವರ ಮಂತ್ರ. ಎರಡು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ತಿಳಿಯದೆ ಸರಿಹೋದದ್ದು ತಿಳಿಯದೆಯೇ ಕೆಡುತ್ತದೆ ಎನ್ನುವರು. ಕರೆಂಟಿನ ಮೇಲೆ ಅನುಮಾನ ಬಂದು, ಸುತ್ತಲಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗಳಿಗೆ ರಜೆ ಇದ್ದ ದಿನ ನಕಲು ಹಚ್ಚಿದರು. ನಿಂತಿತು. ಹೊಸ ಡಿಸ್ಕಿನ ಪಟ್ಟಿಯಂಥ ಕೇಬಲ್ ತೆಗೆದು, ಒಳಗಿನ ಕತ್ತಲಲ್ಲಿ ಕೈ ತಡವಿಯೇ ಹಳೆಯದಕ್ಕೆ ಹಾಕಿ ನೋಡಿದರು. ಆಗಲೂ ನಿಂತಿತು. ಲಾವಂಚದ ತಟ್ಟಿಗೆ ಹೆಚ್ಚು ನೀರು ಹೊಡೆಸಿ ಕೋಣೆ ತಂಪು ಮಾಡಿದಾಗ ಮಾತ್ರ ನಕಲು ಹಿಂದಿಗಿಂತ ದೂರ ಹೋಗಿ ನಿಂತಿತು. ಅವರ ತೋರುಬೆರಳು ಗಾಳಿಯಲ್ಲಿ ಎದ್ದಿತು. ಬಿಸಿಯಾದಾಗ ಬಿಟ್ಟುಕೊಳ್ಳುವಂಥದ್ದು ಏನೋ ಒಳಗಿದೆ ಎಂದರು.

ವಾರ ಮುಗಿಯುತ್ತ ಬಂದಿತ್ತು. ಮುಚ್ಚಳ ತೆಗೆದಿಟ್ಟ ಪೆಟ್ಟಿಗೆಯ ಮುಂದೆ ಇಬ್ಬರೂ ಕೂತಿದ್ದೆವು. ಬೇಕೆಂದೇ ತಟ್ಟಿ ಎತ್ತಿಸಿದ್ದರು, ಕೋಣೆ ಕಾದಿತ್ತು. ನಕಲು ಎಂದಿನಂತೆ ನಿಂತಿತು. ಮೇಡಮ್ಮೋರು ಬಗ್ಗಿ ಡಿಸ್ಕನ್ನೇ ನೋಡುತ್ತಿದ್ದವರು ಹಾಗೇ ಸ್ತಬ್ಧರಾದರು.

"ನಿಮಗ ಗಂಧದ ವಾಸನಿ ಬರ್ಲಿಕ್ಕತ್ತದೇನ್ರಿ?"

"ಯಾವಾಗ್ಲೂ ಬರ್ತೈತ್ರಿ. ನಿಮ್ಮಿಂದ ಅಂತ ತಿಳಕೊಂಡಿದ್ದೆ."

ಅವರು ತಮ್ಮ ಬೆರಳು ಮೂಸಿ ನೋಡಿಕೊಂಡರು. ಆಮೇಲೆ ಪೆಟ್ಟಿಗೆಯೊಳಗೆ ಮೂಗಿಟ್ಟರು. ಕೇಬಲ್ ಮೆಲ್ಲಗೆ ಎಳೆದು ತೆಗೆದರು. ಡಿಸ್ಕಿನ ಹಲಗೆಯ ತುದಿಯಲ್ಲಿ ಕೇಬಲ್ ಕಚ್ಚಿಕೊಳ್ಳುವ ಕಡೆ ಬಂಗಾರದ ಬಣ್ಣದ ಸಣ್ಣ ಸಣ್ಣ ಹಲ್ಲುಗಳಿರುತ್ತವೆ, ಬಾಚಣಿಗೆಯ ಹಾಗೆ. ಆ ಹಲ್ಲುಗಳ ಸಂದಿನಲ್ಲಿ ಒಣಗಿ ಬಿರಿದ ಗಂಧ ಅಂಟಿಕೊಂಡಿತ್ತು. ಒಂದೆರಡು ಅಕ್ಷತೆ ಕಾಳೂ ಇದ್ದವು.

ದಸರೆಯ ಆಯುಧಪೂಜೆಯ ದಿನ ನಾನು ಊರಿಗೆ ಹೋಗಿದ್ದೆ. ಸಂಘದವರೆಲ್ಲ ಮಗ್ಗಕ್ಕೆ, ತಕ್ಕಡಿಗೆ, ಅಧ್ಯಕ್ಷರ ಸ್ಕೂಟರಿಗೆ ಕುಂಕುಮ ಹಚ್ಚಿ ಮುಗಿಸುವಾಗ ಮೇಡಮ್ಮೋರು ಕಂಪ್ಯೂಟರ್ ಪೂಜೆ ತಾವೇ ಮಾಡುತ್ತೇನೆಂದು ಬಾಗಿಲು ಹಾಕಿಕೊಂಡಿದ್ದರಂತೆ. ಹೊರಗಿನ ತಗಡಿಗೆ ಗಂಧ ಹಚ್ಚುವುದು ಅವರಿಗೆ ಸರಿಕಾಣಲಿಲ್ಲ. ಗರ್ಭಗುಡಿ ಬಿಟ್ಟು ಗೋಡೆಗೆ ಪೂಜೆ ಮಾಡಿದಂತೆ ಅನಿಸಿತಂತೆ. ತಾತನ ಅಂಚುಗಳಿದ್ದದ್ದು ಒಳಗೆ. ಮುಚ್ಚಳ ತೆಗೆದರು, ಕೇಬಲ್ ಬಿಡಿಸಿದರು. ಬಂಗಾರದ ಬಣ್ಣ ಕಂಡ ಕಡೆ, ತೇದ ಹಸಿ ಗಂಧವನ್ನು ಭಕ್ತಿಯಿಂದ ಹಚ್ಚಿ ಕೈಮುಗಿದರು. ಹತ್ತಿಯ ಒಂದು ನವಿರೂ ಒಳಗೆ ಬರಬಾರದೆಂದು ಊರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿದವರು, ಗಂಧವನ್ನು ಕೈಯಾರೆ ಒಳಗೆ ಇಟ್ಟಿದ್ದರು.

ಒಂದು ಕ್ಷಣ ಅವರ ಮುಖ ಬಾಡಿತು. ಇದನ್ನು ಒರೆಸಿ ಸುಮ್ಮನಿದ್ದುಬಿಡುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ, ಇದರಲ್ಲಿ ಸುಳ್ಳು ಹೇಳುವುದೇನಿದೆ. ಅವರು ಎದ್ದು ಬಾಗಿಲಿಗೆ ಹೋಗಿ ಅಧ್ಯಕ್ಷರನ್ನು ಕರೆಸಿದರು. ಗುಮಾಸ್ತರು, ನೇಕಾರರು, ಹೊರಗೆ ಕೂತಿದ್ದ ತಾತ, ಎಲ್ಲರಿಗೂ ಕೇಳುವಂತೆ ಹೇಳಿದರು.

"ಡಿಸ್ಕಿಂದೇನೂ ತಪ್ಪಿಲ್ಲ. ನಾನು ಪೂಜಿ ಮಾಡಿ ಕೆಡಿಸೀನಿ. ನನ್ನ ಕೈಲೇ ಆಗೇದ, ನನ್ನ ಕೈಲೇ ತೆಗೀತೀನಿ."

ಅಧ್ಯಕ್ಷರು ಎಲೆ ಉಗುಳಿ ಬಂದು ಏನೋ ಹೇಳಲು ನೋಡಿದರು, ನಗು ಬಂದು ಆಗಲಿಲ್ಲ. ಮೇಡಮ್ಮೋರೂ ನಕ್ಕರು. ತಮ್ಮ ತಪ್ಪನ್ನು ಅಷ್ಟು ನೆಟ್ಟಗೆ ನಿಂತು ಹೇಳಿಕೊಂಡ ಅಧಿಕಾರಿಯನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೆ ಬೇರೆ ಆಫೀಸುಗಳಲ್ಲಿ ದುಡಿದಾಗಲೂ ನೋಡಲಿಲ್ಲ. ಅಂಥವರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆಂದು ಆ ಹೊತ್ತು ನನ್ನ ಎದೆ ಉಬ್ಬಿತ್ತು.

ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆ, ಆಮೇಲೆ ಪೆನ್ಸಿಲ್ ಅಳಿಸುವ ರಬ್ಬರು. ಒಂದೊಂದೇ ಹಲ್ಲನ್ನು ಮಗುವಿನ ಹಲ್ಲು ಉಜ್ಜುವಂತೆ ಉಜ್ಜಿದರು. ಕೇಬಲ್ ಹಾಕಿ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ, ಬೆರಳು ಇಳಿಸಿದರು. ಹಂಸ ಹೋಯಿತು, ಗೋಪುರ ಹೋಯಿತು, ರುದ್ರಾಕ್ಷಿ ಹೋಯಿತು, ಕೊನೆಗೆ ಮಾವಿನಕಾಯಿಯೂ ಹೋಯಿತು. ಎಲ್ಲೂ ನಿಲ್ಲಲಿಲ್ಲ.

ಮುಗಿಯಿತೆಂದು ನಾನು ಎದ್ದರೆ ಕೂರಿಸಿದರು. ಎರಡು ಡಿಸ್ಕುಗಳನ್ನು ಹೋಲಿಸಿ ನೋಡುವ ಆಜ್ಞೆ ಕಂಪ್ಯೂಟರಿನಲ್ಲೇ ಇತ್ತು. ಅದನ್ನು ಹಾಕಿದ್ದಾಯಿತು, ಎಲ್ಲ ಸರಿಯಿದೆ ಎಂದು ಅದು ಹೇಳಿದ್ದೂ ಆಯಿತು. ಮೇಡಮ್ಮೋರಿಗೆ ಸಾಲಲಿಲ್ಲ. ನಕಲು ಮಾಡಿದವನೇ ಸರಿಯಿದೆ ಎಂದರೆ ಅವರ ತಂದೆ ಒಪ್ಪುತ್ತಿರಲಿಲ್ಲವಂತೆ. ಅವರ ಮನೆಯಲ್ಲಿ ಒಂದು ಪದ್ಧತಿ. ಓಲೆಯಿಂದ ಇಳಿಸಿದ ಮೇಲೆ ಒಬ್ಬರು ಮೂಲ ಹಿಡಿದು ಕೂರಬೇಕು, ಎದುರು ಕೂತ ಇನ್ನೊಬ್ಬರು ನಕಲನ್ನು ಗಟ್ಟಿಯಾಗಿ ಓದಬೇಕು. ಓದುವವರಿಗೆ ವಿಷಯ ಗೊತ್ತಿರಬಾರದು. ಗೊತ್ತಿದ್ದವರು ಕಾಗದದಲ್ಲಿ ಇರುವುದನ್ನು ಬಿಟ್ಟು ತಲೆಯಲ್ಲಿ ಇರುವುದನ್ನು ಓದುತ್ತಾರೆ. ಅದಕ್ಕಾಗಿಯೇ ಅವರ ತಂದೆ ಶಾಸ್ತ್ರ ಬಲ್ಲವರನ್ನು ಬಿಟ್ಟು, ಅಕ್ಷರ ಮಾತ್ರ ಬಲ್ಲ ಮಗಳನ್ನು ಎದುರು ಕೂರಿಸಿಕೊಳ್ಳುತ್ತಿದ್ದರಂತೆ. ಈಗ ಮೂಲ ಹಿಡಿಯುವ ಸರದಿ ಮಗಳದಾಗಿತ್ತು. ನೇಯ್ಗೆಯ ಗಂಧಗಾಳಿ ತಿಳಿಯದ ಕುರುಬರವನು ನಾನೊಬ್ಬ ಸಿಕ್ಕಿದ್ದೆ.

ಹೊಸ ಡಿಸ್ಕಿನಿಂದ ಮಾವಿನಕಾಯಿ ಅಂಚನ್ನು ಕಾಗದಕ್ಕೆ ಅಚ್ಚು ಮಾಡಿ ನನ್ನ ಕೈಗೆ ಕೊಟ್ಟರು. ಹಳೆಯದನ್ನು ಪರದೆಯ ಮೇಲೆ ತೆರೆದು ತಾವು ಕೂತರು. ತುಂಬಿ, ತುಂಬಿ, ಖಾಲಿ, ತುಂಬಿ ಎಂದು ನಾನು ಓದಿದೆ. ಕುರಿಗಳು ಹಟ್ಟಿಯ ಬಾಗಿಲಲ್ಲಿ ಒಂದೊಂದಾಗಿ ಒಳಗೆ ಹೋಗುವುದನ್ನು ಎಣಿಸುವಾಗಿನ ರಾಗ ನನಗೆ ಅರಿವಿಲ್ಲದೆ ಬಂದುಬಿಟ್ಟಿತ್ತು. ಬಾಗಿಲಲ್ಲಿ ಜನ ನಿಂತು ನಗುತ್ತಿದ್ದರು. ಒಂದು ಮಾವಿನಕಾಯಿಯ ಹೊಟ್ಟೆಯಲ್ಲಿ ಎಲ್ಲ ತುಂಬಿ ಇರುವ ಕಡೆ ನಡುವೆ ಒಂದು ಖಾಲಿ ಬಂತು. ನೇಯ್ಗೆ ತಿಳಿಯದವನಿಗೂ ಅದು ತಪ್ಪೆಂದು ತಿಳಿಯುವಂತಿತ್ತು, ಹಲ್ಲುದುರಿದ ಬಾಯಿ ಕಂಡಹಾಗೆ. ಓದು ನಿಲ್ಲಿಸಿ, ಇದನ್ನು ತುಂಬಿಬಿಡೋಣವೇ ಎಂದು ಕೇಳಿದೆ.

ಅವರು ಪರದೆ ನೋಡಿದರು. ಮೂಲದಲ್ಲೂ ಖಾಲಿಯೇ ಇತ್ತು.

"ಹಾಂಗೇ ಇರ್ಲಿ. ತಪ್ಪಿದ್ರ ಅದು ತಾತಂದು. ನಮಗ ತಿದ್ದೋ ಹಕ್ಕಿಲ್ಲ, ಇದ್ದದ್ದು ಉಳಿಸೋ ಹಕ್ಕಷ್ಟ."

ಹೇಳಿದ ದಿನಕ್ಕೆ ಎಂಜಿನಿಯರು ಬಂದ. ಮೇಡಮ್ಮೋರು ನಡೆದದ್ದನ್ನೆಲ್ಲ ಅವನಿಗೆ ಹೇಳಿ, ಕಾರಣದ ಜಾಗದಲ್ಲಿ ಗಂಧ ಎಂದೇ ಬರೆದುಕೊಳ್ಳಿ ಎಂದರು. ಹೈದರಾಬಾದಿನಲ್ಲಿ ನಗುತ್ತಾರೆಂದು ಅವನು ಹಿಂದೆಮುಂದೆ ನೋಡಿದ. ನಗಲಿ, ನಕ್ಕವರು ಮುಂದಿನ ದಸರೆಗೆ ಹುಷಾರಾಗಿರುತ್ತಾರೆ ಎಂದರು.

ಇಷ್ಟಾದರೂ ಅವರ ಮನಸ್ಸಿಗೆ ಪೂರ್ತಿ ಸಮಾಧಾನವಿರಲಿಲ್ಲ. ಹೊಸ ಡಿಸ್ಕಿನಿಂದ ತೆಗೆದ ಅಚ್ಚಿನ ಪ್ರಕಾರ ಹೊಸ ರಟ್ಟು ಹೊಡೆಸಿ, ಮಾವಿನಕಾಯಿ ಅಂಚಿನ ಒಂದು ಸೀರೆ ನೇಯಿಸಿದರು. ಮಗ್ಗದಿಂದ ಇಳಿದ ಸೀರೆಯನ್ನು ತಾತನ ತೊಡೆಯ ಮೇಲೆ ಇಟ್ಟಾಗ ಸಂಘದಲ್ಲಿದ್ದವರೆಲ್ಲ ಸುತ್ತ ನಿಂತಿದ್ದೆವು. ತಾತ ಕಣ್ಣು ಮುಚ್ಚಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಹೋದರು. ತುಟಿ ಮಾತ್ರ ಅಲುಗುತ್ತಿತ್ತು. ಒಂದು ಕಡೆ ಹೆಬ್ಬೆರಳು ನಿಂತಿತು. ಹಿಂದೆ ಬಂದು, ಮತ್ತೆ ಅಲ್ಲೇ ನಿಂತಿತು.

ಇಲ್ಲೊಂದು ಎಳೆ ತಪ್ಪಿದೆ ಎಂದರು ತಾತ. ಮೇಡಮ್ಮೋರ ಮುಖ ಬಿಳಿಚಿಕೊಂಡಿತು. ಮೂಲದಲ್ಲೂ ಹಾಗೇ ಇತ್ತು ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮುದುಕನ ಬೊಚ್ಚು ಬಾಯಿ ಅಗಲವಾಯಿತು.

"ಇದು ನಂದಮ್ಮಾ. ಬರಿಯಾಗ ಬೀಡಿ ಕಿಡಿ ಬಿದ್ದು ಕಾಗದ ಸುಟ್ಟಿತ್ತು. ಹಿಂದ ತ್ಯಾಪಿ ಹಚ್ಚಿದೆ, ಆ ಚೌಕದ ಮನಿ ತುಂಬಾದು ಮರತೆ. ಇಷ್ಟು ವರ್ಷ ಯಾರೂ ಹಿಡದಿಲ್ಲ. ನಿಮ್ ಮಿಷನ್ನು ತಿದ್ದಿ ಬಿಡ್ತೈತೇನೋ ಅಂತ ನಂಗ ಅದೊಂದು ದಿಗಿಲಿತ್ತು. ತಿದ್ದಿಲ್ಲ ಕದಾ? ಹಂಗಾದ್ರ ಇದು ನಂದೇ."

ಮೇಡಮ್ಮೋರು ತಾತನ ಮುಂದೆ ನೆಲದ ಮೇಲೆ ಕೂತು, ಅವರ ಹೆಬ್ಬೆರಳಿದ್ದ ಕಡೆ ತಮ್ಮ ಹೆಬ್ಬೆರಳು ಇಟ್ಟು ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ತೋರಿಸಿ, ಓದಿದವರು ಇವರು ಎಂದರು. ಆ ಮಾತು ಕೇಳಿ ನನಗೆ ಹುಬ್ಬಳ್ಳಿಯಿಂದ ಗುಂತಕಲ್ಲಿನವರೆಗೂ ನಾನೇ ದೊಡ್ಡವನು ಅನಿಸಿತು.

ಆ ಸೀರೆಯನ್ನು ಮೇಡಮ್ಮೋರೇ ಕೊಂಡರೆಂದು ಕೇಳಿದ್ದೆ. ಉಟ್ಟದ್ದನ್ನು ನೋಡಿರಲಿಲ್ಲ. ಸಂಘ ಮುಂದೆ ಮುಚ್ಚಿತು, ತಾತ ಹೋದರು, ಮೇಡಮ್ಮೋರು ನಿವೃತ್ತರಾಗಿ ಊರು ಸೇರಿದರು. ನಾನೂ ಬೇರೆ ಬೇರೆ ಊರು ನೋಡಿದೆ. ಎಲ್ಲಿ ಹೋದರೂ ಬೆರಳು ಎತ್ತಿ ಹಿಡಿದು ಒಮ್ಮೆ ಓದಿಯೇ ಒತ್ತುತ್ತೇನೆ. ಜೊತೆಯವರು ನಗುತ್ತಾರೆ.

ಸಮಾರಾಧನೆಯ ದಿನ ಊಟ ಮುಗಿಸಿ ಹೊರಡುವಾಗ ಮೇಡಮ್ಮೋರ ಅಣ್ಣನ ಮಗಳು ಎಲೆಯಡಿಕೆ ಕೊಡಲು ಬಂದರು. ಮಡಿಚಿ ಮಡಿಚಿ ಮೆತ್ತಗಾದ ಹಳೆಯ ಕೈಮಗ್ಗದ ಸೀರೆ ಉಟ್ಟಿದ್ದರು. ಅಂಚಿನಲ್ಲಿ ಮಾವಿನಕಾಯಿ. ನಾನು ಅದನ್ನೇ ನೋಡುತ್ತ ನಿಂತದ್ದು ಕಂಡು ಅವರು, ಇದು ಅತ್ತೆಯ ಸೀರೆ, ಹಬ್ಬದ ದಿನ ದೇವರ ಮುಂದೆ ಕೂರುವಾಗ ಇದನ್ನೇ ಉಡುತ್ತಿದ್ದರು ಎಂದರು.

"ಅಂಚಿನಾಗ ಒಂದು ಎಳಿ ತಪ್ಪೇದ್ರಿ, ನೋಡ್ರಿ. ಬ್ಯಾರೆ ತರೋಣು ಅಂದ್ರ ಅತ್ತಿ ಒಪ್ಪಿಲ್ಲ. ಯಾಕ ಅಂತ ಒಂದಿನಾನೂ ಹೇಳಿಲ್ಲ."

ಬೀಡಿ ಸೇದುವವರು ಹೊಸ್ತಿಲನ್ನೂ ತುಳಿಯದ ಮನೆ ಅದು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ. ಮೇಡಮ್ಮೋರಾಗಿದ್ದರೆ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಅದು ತಪ್ಪಲ್ಲಮ್ಮಾ, ಆದೋನಿಯ ಈರಣ್ಣ ತಾತನ ಬೀಡಿಯ ಕಿಡಿ, ಅದನ್ನು ಎದುರು ಕೂತು ಓದಿದವನು ನಾನು ಎಂದೆ.